ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ರಂಧ್ರಮಯ ಸ್ಫಟಿಕಗಳು: ಸಾಧನೆ, ಮಿತಿ ಮತ್ತು ನಾಗರಿಕರು ಅರಿಯಬೇಕಾದ ಅಂಶಗಳು

ಪೀಠಿಕೆ

2025ನೇ ಸಾಲಿನ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸುಸುಮು ಕಿಟಗಾವಾ, ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್ ಹಾಗೂ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಓಮರ್ ಯಾಘಿ ಅವರಿಗೆ ಜಂಟಿಯಾಗಿ ಘೋಷಿಸಲಾಯಿತು. ಲೋಹ-ಸಾವಯವ ಚೌಕಟ್ಟುಗಳು ಎಂಬ ರಂಧ್ರಮಯ ಸ್ಫಟಿಕ ವಸ್ತುಗಳನ್ನು ರೂಪಿಸಿದ್ದಕ್ಕಾಗಿ ಸದರಿ ಪ್ರಶಸ್ತಿ ಸಂದಿದೆ. ಈ ವಸ್ತುಗಳ ಅನೇಕ ಉಪಯೋಗಗಳ ಪೈಕಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬೇರ್ಪಡಿಸಿ ಹಿಡಿದಿಡುವುದೂ ಒಂದಾಗಿರುವುದರಿಂದ, ಇವು ಹವಾಮಾನ ಬದಲಾವಣೆಯ ಸಮಸ್ಯೆಗೆ ಪರಿಹಾರವಾಗಬಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿದೆ.

ಸಿಮೆಂಟು, ಉಕ್ಕು, ವಿದ್ಯುತ್ ಮುಂತಾದ ಕೈಗಾರಿಕೆಗಳ ಸ್ಥಾಪನೆ ಅಥವಾ ವಿಸ್ತರಣೆಯ ಪ್ರಸ್ತಾವನೆಗಳಲ್ಲಿ "ಇಂಗಾಲ ಹಿಡಿದಿಡುವ ತಂತ್ರಜ್ಞಾನ" ಎಂಬ ಮಾತು ಮುಂದಿನ ದಿನಗಳಲ್ಲಿ ಹೆಚ್ಚು ಹೆಚ್ಚಾಗಿ ಕಾಣಿಸಿಕೊಳ್ಳುವ ಸಂಭವವಿದೆ. ಅಂತಹ ಪ್ರಸ್ತಾವನೆಗಳ ಮೇಲೆ ಅಭಿಪ್ರಾಯ ಸಲ್ಲಿಸುವ, ಮಾಹಿತಿ ಕೋರಿ ಅರ್ಜಿ ಹಾಕುವ, ಕೈಗಾರಿಕೆಗಳ ಸಮೀಪದಲ್ಲಿಯೇ ವಾಸಿಸುವ ನಾಗರಿಕರಿಗೆ ವಿಷಯದ ತಿರುಳು ತಿಳಿದಿರುವುದು ಅವಶ್ಯಕ. ಈ ಉದ್ದೇಶದಿಂದ ಪ್ರಸ್ತುತ ವಿಶ್ಲೇಷಣೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

1. ಅನಿಲವನ್ನು ಹಿಡಿಯುವುದು ಎಂದರೇನು?

ಕಲ್ಲಿದ್ದಲನ್ನು ಉರಿಸುವ ವಿದ್ಯುತ್ ಸ್ಥಾವರದ ಚಿಮಣಿಯಿಂದ ಹೊರಬೀಳುವ ಅನಿಲವೆಲ್ಲವೂ ಇಂಗಾಲದ ಡೈಆಕ್ಸೈಡ್ ಅಲ್ಲ. ಅದರಲ್ಲಿ ಬಹುಪಾಲು ಸಾರಜನಕ. ಇಂಗಾಲದ ಡೈಆಕ್ಸೈಡಿನ ಪ್ರಮಾಣ ಸಾಮಾನ್ಯವಾಗಿ ಶೇಕಡ 12ರಿಂದ 15ರಷ್ಟು ಮಾತ್ರ. ಉಳಿದಂತೆ ನೀರಾವಿ, ಆಮ್ಲಜನಕ ಹಾಗೂ ಅಲ್ಪ ಪ್ರಮಾಣದಲ್ಲಿ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು ಇರುತ್ತವೆ. ಇಷ್ಟೂ ಮಿಶ್ರಣವನ್ನು ಒತ್ತಿ ಭೂಗರ್ಭಕ್ಕೆ ಸೇರಿಸುವುದು ಕಾರ್ಯಸಾಧ್ಯವಲ್ಲ. ಆದುದರಿಂದ ಮೊದಲು ಇಂಗಾಲದ ಡೈಆಕ್ಸೈಡನ್ನು ಮಾತ್ರ ಆರಿಸಿ ತೆಗೆಯಬೇಕಾಗುತ್ತದೆ. ಅಕ್ಕಿಯಲ್ಲಿನ ಕಲ್ಲನ್ನು ಆರಿಸುವಂತೆ ಇದು ಬೇರ್ಪಡಿಸುವ ಕೆಲಸ. ಇಡೀ ವೆಚ್ಚದ ದೊಡ್ಡ ಪಾಲು ಈ ಹಂತದಲ್ಲಿಯೇ ಇದೆ.

ಈ ಕೆಲಸಕ್ಕೆ ದೀರ್ಘಕಾಲದಿಂದ ಬಳಕೆಯಲ್ಲಿರುವುದು ಅಮೀನ್ ಎಂಬ ರಾಸಾಯನಿಕಗಳ ದ್ರಾವಣ. ಈ ವಿಧಾನಕ್ಕೆ 1930ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ತಣ್ಣಗಿರುವ ದ್ರಾವಣವು ಇಂಗಾಲದ ಡೈಆಕ್ಸೈಡಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ಅದನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅನಿಲವನ್ನು ಬಿಟ್ಟುಕೊಡುತ್ತದೆ. ವಿಧಾನ ನಂಬಲರ್ಹವಾದುದು. ಆದರೆ ದ್ರಾವಣದ ಬಹುಭಾಗ ನೀರಾಗಿರುವುದರಿಂದ, ಅನಿಲವನ್ನು ಬಿಡಿಸಲು ಅಷ್ಟೂ ನೀರನ್ನು ಮತ್ತೆ ಮತ್ತೆ ಕಾಯಿಸಬೇಕು. ವಿದ್ಯುತ್ ಸ್ಥಾವರದಲ್ಲಿ ಈ ಶಾಖವನ್ನು ಒದಗಿಸುವುದೆಂದರೆ ಮಾರಾಟಕ್ಕಿರುವ ವಿದ್ಯುತ್ತಿನಲ್ಲಿ ಅಷ್ಟು ಕಡಿತವಾದಂತೆ. ಇದಲ್ಲದೆ ದ್ರಾವಣವು ಕಾಲಕ್ರಮೇಣ ಕೆಡುತ್ತದೆ ಮತ್ತು ಲೋಹದ ಪಾತ್ರೆ, ಕೊಳವೆಗಳನ್ನು ತಿನ್ನುತ್ತದೆ.

ಈ ಕೊರತೆಗಳಿಗೆ ಪರ್ಯಾಯವಾಗಿಯೇ ಘನ ವಸ್ತುಗಳ ಕಡೆಗೆ ಗಮನ ಹರಿದಿದೆ. ಘನ ವಸ್ತುವಿನ ಮೇಲ್ಮೈಗೆ ಅನಿಲದ ಅಣುಗಳು ಅಂಟಿಕೊಳ್ಳುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಬಟ್ಟೆ ನೀರನ್ನು ಒಳಗೆ ಹೀರಿಕೊಳ್ಳುವುದು ಹೀರಿಕೆ. ಹಲಗೆಯ ಮೇಲೆ ಸುಣ್ಣದ ಧೂಳು ಕೂರುವುದು ಅಧಿಶೋಷಣೆ. ಅಂಟು ಸಡಿಲವಾಗಿದ್ದಷ್ಟೂ ಬಿಡಿಸುವುದಕ್ಕೆ ಕಡಿಮೆ ಶಾಖ ಸಾಕು.

2. ಪರಿಚಿತ ಉದಾಹರಣೆ: ಆಮ್ಲಜನಕ ಸಾಂದ್ರಕ

ರಂಧ್ರಮಯ ಸ್ಫಟಿಕಗಳು ನಮ್ಮ ಜನತೆಗೆ ತೀರ ಅಪರಿಚಿತವೇನಲ್ಲ. 2021ರ ಕೋವಿಡ್ ಎರಡನೇ ಅಲೆಯ ಸಂದರ್ಭದಲ್ಲಿ ಮನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಬಳಸಲಾದ ಆಮ್ಲಜನಕ ಸಾಂದ್ರಕಗಳ ಒಳಗೆ ಇದ್ದುದು ಜಿಯೊಲೈಟ್ ಎಂಬ ರಂಧ್ರಮಯ ಸ್ಫಟಿಕವೇ. ಒತ್ತಡದಲ್ಲಿ ಗಾಳಿಯನ್ನು ಹಾಯಿಸಿದಾಗ ಜಿಯೊಲೈಟ್ ಸಾರಜನಕವನ್ನು ಹಿಡಿದುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಒತ್ತಡ ಇಳಿಸಿದಾಗ ಹಿಡಿದ ಸಾರಜನಕವನ್ನು ಬಿಟ್ಟು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಆ ವರ್ಷ ಆಸ್ಪತ್ರೆಗಳಲ್ಲಿ ಸ್ಥಾಪಿಸಲಾದ, ನಿಮಿಷಕ್ಕೆ 1,000 ಲೀಟರ್ ಸಾಮರ್ಥ್ಯದ ವೈದ್ಯಕೀಯ ಆಮ್ಲಜನಕ ಘಟಕಗಳ ಪೈಕಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ತಂತ್ರಜ್ಞಾನವು ತೇಜಸ್ ಯುದ್ಧವಿಮಾನದ ಚಾಲಕನಿಗೆ ಆಮ್ಲಜನಕ ಒದಗಿಸುವ ವ್ಯವಸ್ಥೆಯಿಂದ ರೂಪುಗೊಂಡಿತ್ತು. ಅದರ ಹಿಂದಿದ್ದ ಪ್ರಯೋಗಾಲಯ ಬೆಂಗಳೂರಿನದು.

ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಸ್ಫಟಿಕವೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ: ಹಿಡಿ, ಬಿಡು, ಮತ್ತೆ ಹಿಡಿ. ವಾಸ್ತವವಾಗಿ ಜಿಯೊಲೈಟುಗಳೂ ಒಣ ಅನಿಲದಿಂದ ಇಂಗಾಲದ ಡೈಆಕ್ಸೈಡನ್ನು ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ಅನಿಲದಲ್ಲಿ ತೇವಾಂಶವಿದ್ದರೆ ಅವು ಮೊದಲು ನೀರಿನ ಅಣುಗಳಿಗೆ ಜಾಗ ಕೊಡುತ್ತವೆ. ಇಂಗಾಲದ ಡೈಆಕ್ಸೈಡಿಗೆ ಜಾಗ ಉಳಿಯುವುದಿಲ್ಲ. ಚಿಮಣಿಯ ಅನಿಲವು ಯಾವಾಗಲೂ ತೇವದಿಂದ ಕೂಡಿರುತ್ತದೆ.

3. ಲೋಹ-ಸಾವಯವ ಚೌಕಟ್ಟಿನ ರಚನೆ

ಕಟ್ಟಡ ಕಟ್ಟುವಾಗ ಗೋಡೆಯ ಸುತ್ತ ಕಟ್ಟುವ ಸಾರುವೆಯನ್ನು ನೆನೆಯಬಹುದು. ಗಳುಗಳು ಕೂಡುವ ಕಡೆ ಗಂಟು, ಗಂಟುಗಳ ನಡುವೆ ಗಳು, ಗಳುಗಳ ನಡುವೆ ಬಯಲು. ಲೋಹ-ಸಾವಯವ ಚೌಕಟ್ಟಿನಲ್ಲಿ ಗಂಟಿನ ಸ್ಥಾನದಲ್ಲಿ ಸತು, ತಾಮ್ರ, ಜಿರ್ಕೋನಿಯಂ ಮುಂತಾದ ಲೋಹಗಳ ಅಯಾನುಗಳೂ, ಗಳುವಿನ ಸ್ಥಾನದಲ್ಲಿ ಇಂಗಾಲ ಪ್ರಧಾನವಾದ ಸಾವಯವ ಅಣುಗಳೂ ಇರುತ್ತವೆ. ನಡುವಿನ ಬಯಲೇ ಅನಿಲದ ಅಣುಗಳು ಬಂದು ತಂಗುವ ಕೋಣೆ. ಈ ಕೋಣೆಗಳ ಅಗಲ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗದಷ್ಟು.

ಇಷ್ಟು ಸಣ್ಣ ಕೋಣೆಗಳು ಅಸಂಖ್ಯವಾಗಿರುವುದರಿಂದ ಅವುಗಳ ಒಟ್ಟು ಒಳಮೈ ಬಹು ವಿಸ್ತಾರವಾಗುತ್ತದೆ. ಎಂಒಎಫ್-5 ಎಂಬ ವಸ್ತುವಿನ ಒಂದು ಗ್ರಾಂ ಪುಡಿಯ ಒಳಮೈ ಸುಮಾರು 3,000 ಚದರ ಮೀಟರ್. ಪಹಣಿಯ ಲೆಕ್ಕದಲ್ಲಿ ಹೇಳುವುದಾದರೆ ಇದು ಸುಮಾರು 30 ಗುಂಟೆ, ಅಂದರೆ ಮುಕ್ಕಾಲು ಎಕರೆ ಜಮೀನು ಚಿಟಿಕೆಯಷ್ಟು ಪುಡಿಯೊಳಗೆ ಅಡಗಿದಂತೆ.

ವಿಸ್ತಾರಕ್ಕಿಂತಲೂ ಮುಖ್ಯವಾದ ಗುಣ ಮತ್ತೊಂದಿದೆ. ಗಂಟನ್ನೂ ಗಳುವನ್ನೂ ಬದಲಿಸಿ ಕೋಣೆಯ ಅಳತೆ ಮತ್ತು ಸ್ವಭಾವವನ್ನು ಬೇಕಾದಂತೆ ಮಾರ್ಪಡಿಸಬಹುದು. ಜಿಯೊಲೈಟಿನಲ್ಲಿ ಈ ಸ್ವಾತಂತ್ರ್ಯ ಬಹಳ ಕಡಿಮೆ. ಈ ಕಾರಣದಿಂದಲೇ ಇಂದು ಸಾವಿರಾರು ಬಗೆಯ ಚೌಕಟ್ಟುಗಳು ತಯಾರಾಗಿವೆ.

4. ಸಂಶೋಧನೆಯ ಹಿನ್ನೆಲೆ

ರಿಚರ್ಡ್ ರಾಬ್ಸನ್ ಅವರು 1974ರಲ್ಲಿ ವಿದ್ಯಾರ್ಥಿಗಳಿಗಾಗಿ ಮರದ ಗುಂಡುಗಳಿಂದ ಅಣುಗಳ ಮಾದರಿಗಳನ್ನು ಸಿದ್ಧಪಡಿಸುತ್ತಿದ್ದಾಗ, ಗುಂಡಿನಲ್ಲಿ ಕೊರೆದ ರಂಧ್ರಗಳ ಸ್ಥಾನವೇ ಇಡೀ ರಚನೆಯನ್ನು ನಿರ್ಧರಿಸುವುದನ್ನು ಗಮನಿಸಿದರು. ಈ ಆಲೋಚನೆ ಫಲಿಸಿದ್ದು 1989ರಲ್ಲಿ. ತಾಮ್ರದ ಅಯಾನುಗಳನ್ನು ನಾಲ್ಕು ತೋಳುಗಳ ಒಂದು ಸಾವಯವ ಅಣುವಿನೊಡನೆ ಕೂಡಿಸಿ, ವಜ್ರದ ರಚನೆಯನ್ನು ಹೋಲುವ, ಆದರೆ ಒಳಗೆ ವಿಶಾಲ ಬಯಲುಗಳಿರುವ ಸ್ಫಟಿಕವನ್ನು ಅವರು ಪ್ರಕಟಿಸಿದರು. ಈ ರಚನೆ ದೃಢವಾಗಿರಲಿಲ್ಲ; ಸುಲಭವಾಗಿ ಕುಸಿಯುತ್ತಿತ್ತು.

ಸುಸುಮು ಕಿಟಗಾವಾ ಅವರು 1997ರಲ್ಲಿ ಒಣಗಿಸಿದರೂ ಕುಸಿಯದ, ಮೀಥೇನ್, ಸಾರಜನಕ ಮತ್ತು ಆಮ್ಲಜನಕಗಳನ್ನು ಒಳಗೆ ತೆಗೆದುಕೊಂಡು ಮತ್ತೆ ಬಿಡುವ ಚೌಕಟ್ಟನ್ನು ತೋರಿಸಿದರು. ಓಮರ್ ಯಾಘಿ ಅವರು 1995ರಲ್ಲಿ ಈ ವರ್ಗಕ್ಕೆ ಲೋಹ-ಸಾವಯವ ಚೌಕಟ್ಟು ಎಂಬ ಹೆಸರನ್ನು ಬಳಕೆಗೆ ತಂದು, 1999ರಲ್ಲಿ ಮೇಲೆ ತಿಳಿಸಿದ ಎಂಒಎಫ್-5 ಅನ್ನು ಪ್ರಕಟಿಸಿದರು. ಅದು ಬರಿದಾಗಿದ್ದಾಗಲೂ 300 ಡಿಗ್ರಿ ಶಾಖವನ್ನು ತಡೆದುಕೊಂಡಿತು.

ಮೊದಲ ಪ್ರಕಟಣೆಯಿಂದ ಪ್ರಶಸ್ತಿಯವರೆಗೆ 36 ವರ್ಷಗಳು ಸಂದಿವೆ ಎಂಬುದನ್ನು ಸಾರ್ವಜನಿಕರು ಗಮನಿಸಬಹುದು. ಆರಂಭದಲ್ಲಿ ಈ ಸ್ಫಟಿಕಗಳಿಗೆ ಉಪಯೋಗವೇ ಇಲ್ಲವೆಂದು ಭಾವಿಸಿದವರೂ ಇದ್ದರು. ಮೂಲ ವಿಜ್ಞಾನದ ಫಲ ಸಮಾಜವನ್ನು ತಲುಪಲು ತಾಳ್ಮೆಯೂ ನಿರಂತರ ಬೆಂಬಲವೂ ಬೇಕೆಂಬುದಕ್ಕೆ ಇದು ನಿದರ್ಶನ.

5. ಪ್ರಯೋಗಾಲಯದಿಂದ ಕಾರ್ಖಾನೆಗೆ

ಪ್ರಯೋಗಾಲಯದಲ್ಲಿ ಶುದ್ಧ, ಒಣ ಅನಿಲವನ್ನು ಹೇರಳವಾಗಿ ಹಿಡಿಯುವ ಸ್ಫಟಿಕಗಳು ಹಲವಾರಿವೆ. ಕಾರ್ಖಾನೆಯಲ್ಲಿ ನಿಲ್ಲುವಂಥವು ಕೆಲವೇ. ಮೆಗ್ನೀಸಿಯಂ ಆಧಾರಿತ ಎಂಒಎಫ್-74 ಇದಕ್ಕೆ ತಕ್ಕ ಉದಾಹರಣೆ. ಒಣ ಸ್ಥಿತಿಯಲ್ಲಿ ಅದರ ಹಿಡಿತ ಅತ್ಯುತ್ತಮ; ತೇವಾಂಶ ತಗುಲಿದ ಕೂಡಲೇ ಆ ಸಾಮರ್ಥ್ಯ ಬಹುವಾಗಿ ಕುಗ್ಗುತ್ತದೆ.

ಈ ತೊಡಕನ್ನು ಗಣನೀಯವಾಗಿ ದಾಟಿರುವುದು ಕ್ಯಾಲ್ಫ್-20 ಎಂಬ ವಸ್ತು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಶಿಮಿಜು ಅವರ ತಂಡ ರೂಪಿಸಿದ ಈ ಚೌಕಟ್ಟಿನ ವಿವರಗಳು 2021ರ ಡಿಸೆಂಬರ್‌ನಲ್ಲಿ ಪ್ರಕಟವಾದವು. ಅದರ ಮುಖ್ಯ ಲಕ್ಷಣಗಳು ಈ ಕೆಳಕಂಡಂತಿವೆ:

(ಅ) ಸತು, ಆಕ್ಸಲೇಟ್ ಮತ್ತು ಟ್ರಯಜೋಲ್ ಎಂಬ ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಕಚ್ಚಾ ಪದಾರ್ಥಗಳಿಂದ ಇದನ್ನು ತಯಾರಿಸಬಹುದು.

(ಆ) ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 40ರವರೆಗೆ ಇದ್ದಾಗಲೂ ನೀರಿಗಿಂತ ಇಂಗಾಲದ ಡೈಆಕ್ಸೈಡಿಗೇ ಆದ್ಯತೆ ನೀಡುತ್ತದೆ.

(ಇ) ಹಬೆ ಹಾಗೂ ಆಮ್ಲೀಯ ಅನಿಲಗಳ ಸಂಪರ್ಕದಲ್ಲಿಯೂ ಬಾಳಿಕೆ ಬರುತ್ತದೆ. ಆದುದರಿಂದ ಹಿಡಿದ ಅನಿಲವನ್ನು ಬಿಡಿಸಲು ಹಬೆಯನ್ನೇ ಬಳಸಬಹುದು.

(ಈ) ಅನಿಲವನ್ನು ರಾಸಾಯನಿಕ ಬಂಧದಿಂದಲ್ಲದೆ ಭೌತಿಕ ಆಕರ್ಷಣೆಯಿಂದ ಹಿಡಿಯುವುದರಿಂದ ಬಿಡಿಸುವುದಕ್ಕೆ ಬೇಕಾದ ಶಕ್ತಿ ಕಡಿಮೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ರಿಚ್ಮಂಡ್‌ನಲ್ಲಿರುವ ಸಿಮೆಂಟು ಕಾರ್ಖಾನೆಯೊಂದರಲ್ಲಿ ಸ್ವಾಂಟೆ ಕಂಪನಿಯು ದಿನಕ್ಕೆ 1 ಟನ್ ಪ್ರಮಾಣದ ಘಟಕದಲ್ಲಿ ಈ ವಸ್ತುವನ್ನು ಪರೀಕ್ಷಿಸಿತು. 2023ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿಯು ಇಂಗಾಲ ಹಿಡಿಯುವ ಉದ್ದೇಶಕ್ಕಾಗಿ ಲೋಹ-ಸಾವಯವ ಚೌಕಟ್ಟನ್ನು ವರ್ಷಕ್ಕೆ ನೂರಾರು ಟನ್ನುಗಳ ಪ್ರಮಾಣದಲ್ಲಿ ಉತ್ಪಾದಿಸುತ್ತಿರುವುದಾಗಿ ಪ್ರಕಟಿಸಿತು. ಗ್ರಾಂಗಳಲ್ಲಿ ಅಳೆಯುತ್ತಿದ್ದ ವಸ್ತು ಟನ್ನುಗಳಿಗೆ ಏರಿರುವುದು ಮಹತ್ವದ ಬೆಳವಣಿಗೆಯೇ ಸರಿ.

ಆದಾಗ್ಯೂ ಮೇಲಿನ (ಆ) ಅಂಶದಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಆರ್ದ್ರತೆ ಆ ಮಿತಿಯನ್ನು ಮೀರಿದರೆ ಈ ಸ್ಫಟಿಕವೂ ನೀರಿಗೆ ಜಾಗ ಬಿಡತೊಡಗುತ್ತದೆ. ಹಾಗಾಗಿ ಅನಿಲದ ಉಷ್ಣತೆ ಮತ್ತು ತೇವಾಂಶವನ್ನು ನಿಯಂತ್ರಿಸುವ ಯಂತ್ರೋಪಕರಣ ಅನಿವಾರ್ಯ. ಶೀತ ಪ್ರದೇಶದಲ್ಲಿ ದೊರೆತ ಫಲಿತಾಂಶವನ್ನು ಮುಂಗಾರಿನ ತಿಂಗಳುಗಳ ಕರಾವಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ನಮ್ಮ ಹವೆ, ನಮ್ಮ ಕಲ್ಲಿದ್ದಲಿನ ಬೂದಿ, ನಮ್ಮ ಗೂಡುಗಳ ಅನಿಲ ಇವುಗಳೊಂದಿಗೆ ಇಲ್ಲಿಯೇ ಪರೀಕ್ಷಿಸಬೇಕಾಗುತ್ತದೆ.

6. ಗಾಳಿಯಿಂದಲೇ ನೇರವಾಗಿ ಹಿಡಿಯುವ ಪ್ರಯತ್ನ

ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಕೈಗಾರಿಕಾ ಕ್ರಾಂತಿಗೆ ಮುನ್ನ ದಶಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಿದ್ದುದು, 2024ರ ವೇಳೆಗೆ 420ನ್ನು ಮೀರಿದೆ. ಏರಿಕೆ ದೊಡ್ಡದಾದರೂ, ಚಿಮಣಿಯ ಅನಿಲಕ್ಕೆ ಹೋಲಿಸಿದರೆ ಇದು ಸುಮಾರು 300 ಪಟ್ಟು ತೆಳುವು. ತೆಳುವಾದಷ್ಟೂ ಆರಿಸುವ ಶ್ರಮ ಹೆಚ್ಚು. ಭೌತವಿಜ್ಞಾನದ ನಿಯಮದಂತೆ, ಗಾಳಿಯಿಂದ ಬೇರ್ಪಡಿಸಲು ಬೇಕಾಗುವ ಕನಿಷ್ಠ ಶಕ್ತಿಯು ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಬೇರ್ಪಡಿಸಲು ಬೇಕಾಗುವುದರ ಸುಮಾರು ಮೂರು ಪಟ್ಟು. ಯಾವ ಸ್ಫಟಿಕವೂ ಈ ಮಿತಿಯನ್ನು ದಾಟಲಾರದು.

2024ರ ಅಕ್ಟೋಬರ್‌ನಲ್ಲಿ ಯಾಘಿ ಅವರ ತಂಡ ಸಿಒಎಫ್-999 ಎಂಬ ವಸ್ತುವನ್ನು ಪ್ರಕಟಿಸಿತು. ಇದರಲ್ಲಿ ಲೋಹವಿಲ್ಲ, ಸಾವಯವ ಅಣುಗಳನ್ನೇ ದೃಢವಾಗಿ ಹೆಣೆದು, ರಂಧ್ರಗಳ ಒಳಗೆ ಅಮೀನುಗಳನ್ನು ಕೂರಿಸಲಾಗಿದೆ. ಬರ್ಕ್ಲಿಯ ಹೊರಗಾಳಿಯಲ್ಲಿ 100 ಬಾರಿ ಹಿಡಿದು ಬಿಟ್ಟರೂ ಸಾಮರ್ಥ್ಯ ಕುಗ್ಗಲಿಲ್ಲ ಮತ್ತು ಬಿಡಿಸಲು 60 ಡಿಗ್ರಿ ಶಾಖ ಸಾಕಾಯಿತು ಎಂದು ವರದಿಯಾಗಿದೆ. ಸುಮಾರು 200 ಗ್ರಾಂ ವಸ್ತು ವರ್ಷಕ್ಕೆ 20 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ತೆಗೆಯಬಲ್ಲದು, ಇದು ಒಂದು ಮರದ ಕೆಲಸಕ್ಕೆ ಸಮಾನ ಎಂಬುದು ಸಂಶೋಧಕರ ಅಂದಾಜು.

7. ಪ್ರಮಾಣದ ಲೆಕ್ಕ

ಮೇಲ್ಕಂಡ ಸಾಧನೆಗಳ ಅರ್ಥ ತಿಳಿಯಲು ಒಂದು ಸರಳ ಲೆಕ್ಕ ಸಹಾಯಕವಾದೀತು. ಒಂದು ಟನ್ ಸಿಮೆಂಟಿನ ತಯಾರಿಕೆಯಲ್ಲಿ ಸುಮಾರು 0.6 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ 50 ಕಿಲೋಗ್ರಾಂ ತೂಕದ ಒಂದು ಚೀಲಕ್ಕೆ ಸುಮಾರು 30 ಕಿಲೋಗ್ರಾಂ. 200 ಗ್ರಾಂ ಸಿಒಎಫ್-999 ಒಂದೂವರೆ ವರ್ಷ ದುಡಿದರೆ ಒಂದು ಚೀಲ ಸಿಮೆಂಟಿನ ಋಣ ತೀರುತ್ತದೆ. ಮನೆ ಕಟ್ಟಲು ಪರವಾನಗಿ ಕೋರಿದ ಕುಟುಂಬವೊಂದು 400 ಚೀಲ ಬಳಸಿತೆಂದು ಭಾವಿಸಿದರೆ, ಒಟ್ಟು 12 ಟನ್ ಆಯಿತು.

ಜಗತ್ತಿನ ಲೆಕ್ಕವೂ ಇದೇ ಪಾಠವನ್ನು ಹೇಳುತ್ತದೆ. ಕಲ್ಲಿದ್ದಲು, ತೈಲ, ಅನಿಲಗಳ ಬಳಕೆ ಹಾಗೂ ಸಿಮೆಂಟಿನಿಂದ 2024ರಲ್ಲಿ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿದೆ. ಎಲ್ಲ ವಿಧಾನಗಳೂ ಸೇರಿ ಜಗತ್ತಿನಲ್ಲಿರುವ ಹಿಡಿದಿಡುವ ಸಾಮರ್ಥ್ಯ ವರ್ಷಕ್ಕೆ 5 ಕೋಟಿ ಟನ್ನಿನ ಆಸುಪಾಸಿನಲ್ಲಿದೆ. ಅಂದರೆ ಸಾವಿರದಲ್ಲಿ ಒಂದೆರಡು ಪಾಲು. ಇದರಲ್ಲಿಯೂ ಬಹುಪಾಲು ಹಳೆಯ ದ್ರಾವಣ ವಿಧಾನದ್ದು. ಹೊಸ ಸ್ಫಟಿಕಗಳ ಕೊಡುಗೆ ಇನ್ನೂ ಆರಂಭಿಕ ಹಂತದಲ್ಲಿದೆ.

ಹಾಗಾದರೆ ಈ ಪ್ರಯತ್ನವೇ ವ್ಯರ್ಥವೇ? ಅಲ್ಲ. ವಿದ್ಯುತ್ತಿಗೆ ಸೌರಶಕ್ತಿ, ಪವನಶಕ್ತಿಗಳ ಪರ್ಯಾಯವಿದೆ. ಸಿಮೆಂಟಿನ ಸ್ಥಿತಿ ಬೇರೆ. ಶುದ್ಧ ಸುಣ್ಣಕಲ್ಲನ್ನು ಸುಟ್ಟಾಗ, ಪ್ರತಿ 100 ಕಿಲೋಗ್ರಾಂ ಕಲ್ಲಿನಿಂದ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುವುದು ರಸಾಯನಶಾಸ್ತ್ರದ ನಿಯಮ. ಗೂಡನ್ನು ಸೌರವಿದ್ಯುತ್ತಿನಿಂದ ಕಾಯಿಸಿದರೂ ಈ ಪಾಲು ತಪ್ಪುವುದಿಲ್ಲ. ಆದುದರಿಂದ, ಹಿಡಿದಿಡುವ ತಂತ್ರಜ್ಞಾನದ ನಿಜವಾದ ಸ್ಥಾನವಿರುವುದು ಬೇರೆ ದಾರಿ ಕಡಿಮೆ ಇರುವ ಇಂತಹ ಕೈಗಾರಿಕೆಗಳಲ್ಲಿ. ಬೇರೆ ದಾರಿಯಿರುವ ಕಡೆ ಇದನ್ನು ನೆಪವಾಗಿಸಿಕೊಂಡು ಬದಲಾವಣೆಯನ್ನು ಮುಂದೂಡುವುದು ಸಮಂಜಸವಲ್ಲ.

8. ಹಿಡಿದ ಅನಿಲ ಎಲ್ಲಿಗೆ ಹೋಗುತ್ತದೆ?

ಹಿಡಿಯುವುದು ಅರ್ಧ ಕೆಲಸ ಮಾತ್ರ. ಹಿಡಿದ ಅನಿಲವನ್ನು ಬಳಸಬೇಕು ಅಥವಾ ಶಾಶ್ವತವಾಗಿ ಭೂಗರ್ಭದಲ್ಲಿ ಇರಿಸಬೇಕು. ಯೂರಿಯಾ ಗೊಬ್ಬರದ ತಯಾರಿಕೆಗೆ ಈ ಅನಿಲ ಬೇಕು. ಆದರೆ ರೈತರು ಯೂರಿಯಾವನ್ನು ಹೊಲಕ್ಕೆ ಹಾಕಿದಾಗ ಅದು ಮಣ್ಣಿನಲ್ಲಿ ವಿಭಜನೆಗೊಂಡು ಅನಿಲ ಮರಳಿ ಗಾಳಿಗೆ ಸೇರುತ್ತದೆ. ಸೋಡಾ ಬಾಟಲಿಯ ಅನಿಲ ಮುಚ್ಚಳ ತೆಗೆದ ಕೂಡಲೇ ಹೊರಡುತ್ತದೆ. ಕಾಂಕ್ರೀಟಿನಲ್ಲಿ ಖನಿಜವಾಗಿ ಸೇರಿಸಿದ ಅನಿಲ ಮಾತ್ರ ದೀರ್ಘಕಾಲ ಉಳಿಯುತ್ತದೆ. "ಬಳಕೆ" ಎಂಬ ಒಂದೇ ಪದದಡಿ ಬರುವ ಇವು ಫಲದಲ್ಲಿ ಸಮಾನವಲ್ಲ.

ಭೂಗರ್ಭ ಸಂಗ್ರಹಕ್ಕೆ ಸಂಬಂಧಿಸಿದಂತೆ, ಐಸ್ಲೆಂಡಿನಲ್ಲಿ ನೀರಿನೊಡನೆ ಬಸಾಲ್ಟ್ ಶಿಲೆಯೊಳಗೆ ಇಳಿಸಿದ ಅನಿಲದ ಶೇಕಡ 95ರಷ್ಟು ಭಾಗವು ಎರಡು ವರ್ಷಗಳೊಳಗೆ ಕಲ್ಲಾಗಿ ಮಾರ್ಪಟ್ಟಿತೆಂದು 2016ರಲ್ಲಿ ವರದಿಯಾಗಿದೆ. ಉತ್ತರ ಕರ್ನಾಟಕದ ಬೆಳಗಾವಿ, ವಿಜಯಪುರ, ಬೀದರ್ ಮೊದಲಾದ ಜಿಲ್ಲೆಗಳ ನೆಲದಡಿ ಇರುವ ದಖ್ಖನ್ ಶಿಲೆಯೂ ಬಸಾಲ್ಟ್ ವರ್ಗದ್ದೇ. ಈ ಹೋಲಿಕೆಯಿಂದ ಆಶೆ ಮೂಡುವುದು ಸಹಜ. ಆದರೆ ಅದೇ ಶಿಲೆಯ ಬಿರುಕುಗಳಲ್ಲಿ ಈ ಭಾಗದ ರೈತರ ಬಾವಿ ಮತ್ತು ಕೊಳವೆಬಾವಿಗಳ ನೀರೂ ಇದೆ. ಅಂತರ್ಜಲದ ಸುರಕ್ಷತೆ ಖಚಿತವಾಗದೆ ಮುಂದುವರಿಯುವಂತಿಲ್ಲ.

9. ಭಾರತದ ಹಾಗೂ ರಾಜ್ಯದ ಸ್ಥಿತಿ

ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ತಲುಪುವ ಗುರಿಯನ್ನು 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಇಂಗಾಲ ಹಿಡಿಯುವಿಕೆ ಮತ್ತು ಬಳಕೆಗಾಗಿ 2022ರಲ್ಲಿ ಎರಡು ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರಗಳಿಗೆ ಬೆಂಬಲ ನೀಡಿತು. ಒಂದು ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ. ಮತ್ತೊಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಲೋಹ-ಸಾವಯವ ಚೌಕಟ್ಟುಗಳ ಬಗ್ಗೆ ಈ ಕೇಂದ್ರದಲ್ಲಿ ಹಲವು ವರ್ಷಗಳಿಂದ ಸಂಶೋಧನೆ ನಡೆದಿದೆ. 2025ರ ಮೇ ತಿಂಗಳಲ್ಲಿ ಸಿಮೆಂಟು ವಲಯಕ್ಕಾಗಿ ಐದು ಪರೀಕ್ಷಾ ಘಟಕಗಳನ್ನು ಪ್ರಕಟಿಸಲಾಗಿದ್ದು, ಅವುಗಳಲ್ಲೊಂದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರ. 2026-27ನೇ ಸಾಲಿನ ಕೇಂದ್ರ ಆಯವ್ಯಯದಲ್ಲಿ ಈ ಕ್ಷೇತ್ರಕ್ಕೆ ಐದು ವರ್ಷಗಳಲ್ಲಿ 20,000 ಕೋಟಿ ರೂಪಾಯಿಗಳನ್ನು ಒದಗಿಸಲು ಪ್ರಸ್ತಾಪಿಸಲಾಗಿದೆ.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಗೂಡುಗಳು, ರಾಯಚೂರಿನ ಶಕ್ತಿನಗರ ಹಾಗೂ ಬಳ್ಳಾರಿಯ ಕುಡಿತಿನಿಯ ಶಾಖೋತ್ಪನ್ನ ಸ್ಥಾವರಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇವೆಲ್ಲವೂ ರಾಜ್ಯದಲ್ಲಿ ಇಂಗಾಲದ ಡೈಆಕ್ಸೈಡ್ ಒಂದೇ ಕಡೆ ಹೇರಳವಾಗಿ ಹೊರಬೀಳುವ ತಾಣಗಳು. ತಂತ್ರಜ್ಞಾನ ಪಕ್ವವಾದಾಗ ಅದು ಮೊದಲು ಪ್ರಯೋಜನಕ್ಕೆ ಬರಬಹುದಾದದ್ದು ಇಂತಹ ಕಡೆಗಳಲ್ಲಿಯೇ. ಆದಕಾರಣ ಈ ಊರುಗಳ ನಾಗರಿಕರಿಗೆ ಇದು ದೂರದ ವಿಷಯವಲ್ಲ.

10. ನಾಗರಿಕರು ವಿಶೇಷವಾಗಿ ಗಮನಿಸಬೇಕಾದ ಅಂಶಗಳು

ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದು ಬೇರೆ, ಸ್ಥಳೀಯ ವಾಯುಮಾಲಿನ್ಯವನ್ನು ತಡೆಯುವುದು ಬೇರೆ. 2009ರಲ್ಲಿ ಅಧಿಸೂಚಿಸಲಾದ ರಾಷ್ಟ್ರೀಯ ಪರಿವೇಷ್ಟಕ ವಾಯು ಗುಣಮಟ್ಟ ಮಾನದಂಡಗಳಲ್ಲಿ 12 ಮಾಲಿನ್ಯಕಾರಕಗಳಿದ್ದು, ಇಂಗಾಲದ ಡೈಆಕ್ಸೈಡ್ ಅವುಗಳಲ್ಲಿ ಸೇರಿಲ್ಲ. ಊರಿನ ಮೇಲೆ ಕೂರುವ ಧೂಳು, ಗಂಟಲು ಉರಿಸುವ ಗಂಧಕದ ಡೈಆಕ್ಸೈಡ್ ಇವುಗಳಿಗೆ ಪ್ರತ್ಯೇಕ ಮಿತಿಗಳೂ ಪ್ರತ್ಯೇಕ ಉಪಕರಣಗಳೂ ಇವೆ. ಇಂಗಾಲ ಹಿಡಿಯುವ ಘಟಕವಿದೆ ಎಂಬ ಕಾರಣಕ್ಕೆ ಅವುಗಳ ಪಾಲನೆಯಲ್ಲಿ ವಿನಾಯಿತಿ ಇರುವುದಿಲ್ಲ. ಬದಲಾಗಿ, ಧೂಳು ಮತ್ತು ಗಂಧಕದ ಅನಿಲಗಳು ಸ್ಫಟಿಕಗಳನ್ನು ಹಾಳುಮಾಡಬಲ್ಲವಾದ್ದರಿಂದ ಅವುಗಳನ್ನು ಮೊದಲೇ ತೆಗೆಯಬೇಕಾಗುತ್ತದೆ.

ಪರಿಸರ ಪರಿಣಾಮ ನಿರ್ಧರಣೆ ಅಧಿಸೂಚನೆ, 2006ರ ಪ್ರಕಾರ ಸಾರ್ವಜನಿಕ ಆಲಿಕೆ ಅಗತ್ಯವಿರುವ ಯೋಜನೆಗಳಿಗೆ ಕನಿಷ್ಠ 30 ದಿನಗಳ ಮುನ್ಸೂಚನೆಯನ್ನು ಒಂದು ರಾಷ್ಟ್ರೀಯ ಹಾಗೂ ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಪ್ರಕಟಿಸಬೇಕು. ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿಯೂ ಲಭ್ಯವಿರಬೇಕು. ಅಂತಹ ಸಂದರ್ಭದಲ್ಲಿ ಯೋಜನೆಯಲ್ಲಿ ಇಂಗಾಲ ಹಿಡಿಯುವ ಪ್ರಸ್ತಾವವಿದ್ದರೆ, ನಾಗರಿಕರು ಈ ಕೆಳಕಂಡ ಪ್ರಶ್ನೆಗಳನ್ನು ಮೌಖಿಕವಾಗಿ ಅಥವಾ ಲಿಖಿತವಾಗಿ ಕೇಳಬಹುದು:

(1) ಒಟ್ಟು ಹೊರಸೂಸುವಿಕೆಯಲ್ಲಿ ಶೇಕಡ ಎಷ್ಟನ್ನು ಹಿಡಿಯಲಾಗುವುದು, ಯಾವ ದಿನಾಂಕದಿಂದ?

(2) ಬಳಸುವ ವಸ್ತು ಯಾವುದು? ತೇವ ಹಾಗೂ ಧೂಳಿನಿಂದ ಕೂಡಿದ ನೈಜ ಅನಿಲದಲ್ಲಿ ಎಷ್ಟು ಕಾಲ ಪರೀಕ್ಷಿಸಲಾಗಿದೆ?

(3) ಬಿಡಿಸಲು ಬೇಕಾದ ಶಾಖ ಮತ್ತು ವಿದ್ಯುತ್ತಿನ ಮೂಲ ಯಾವುದು? ಅದಕ್ಕಾಗಿ ಹೆಚ್ಚುವರಿ ಕಲ್ಲಿದ್ದಲು ಸುಡಲಾಗುವುದೇ?

(4) ತಂಪು ಮಾಡಲು ಎಷ್ಟು ನೀರು ಬೇಕು, ಅದನ್ನು ಎಲ್ಲಿಂದ ಪಡೆಯಲಾಗುವುದು?

(5) ಹಿಡಿದ ಅನಿಲದ ಅಂತಿಮ ನೆಲೆ ಯಾವುದು? ಸವೆದ ವಸ್ತುವಿನ ವಿಲೇವಾರಿ ಹೇಗೆ?

ಸಾರ್ವಜನಿಕ ಪ್ರಾಧಿಕಾರಗಳ ಬಳಿ ಇರುವ ದಾಖಲೆಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿ ಪಡೆಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. "ಇಂಗಾಲ ಹಿಡಿಯುವ ಬಗ್ಗೆ ಎಲ್ಲ ಮಾಹಿತಿ" ಎಂದು ಕೋರುವುದಕ್ಕಿಂತ, ಕಾರ್ಖಾನೆಯ ಹೆಸರು, ಅವಧಿ ಮತ್ತು ಬೇಕಾದ ದಾಖಲೆಯನ್ನು ಸ್ಪಷ್ಟವಾಗಿ ನಮೂದಿಸಿದರೆ ಉಪಯುಕ್ತ ಉತ್ತರ ದೊರೆಯುವ ಸಾಧ್ಯತೆ ಹೆಚ್ಚು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾಹನದ ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾದ ವಾಹನ ಇಂಗಾಲದ ಡೈಆಕ್ಸೈಡನ್ನು ಬಿಡುವುದಿಲ್ಲವೇ?
ಉತ್ತರ: ಬಿಡುತ್ತದೆ. ಪೆಟ್ರೋಲ್ ವಾಹನಗಳಲ್ಲಿ ಇಂಗಾಲದ ಮೊನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್, ಡೀಸೆಲ್ ವಾಹನಗಳಲ್ಲಿ ಹೊಗೆಯ ದಟ್ಟಣೆ ಮಿತಿಯೊಳಗಿದೆಯೇ ಎಂಬುದನ್ನು ತಪಾಸಣೆಯಲ್ಲಿ ನೋಡಲಾಗುತ್ತದೆ. ಇಂಧನ ಪೂರ್ಣವಾಗಿ ಉರಿದಷ್ಟೂ ಉಂಟಾಗುವುದು ಇಂಗಾಲದ ಡೈಆಕ್ಸೈಡೇ.

ಪ್ರಶ್ನೆ: ಈ ಸ್ಫಟಿಕಗಳನ್ನು ವಾಹನದ ಹೊಗೆ ಕೊಳವೆಗೆ ಅಳವಡಿಸಬಹುದೇ?
ಉತ್ತರ: ಪ್ರಾಯೋಗಿಕವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಅದನ್ನು ಹಿಡಿದರೆ ವಾಹನವು ತಾನು ಸುಟ್ಟ ಇಂಧನಕ್ಕಿಂತ ಹೆಚ್ಚು ತೂಕವನ್ನು ಹೊತ್ತೊಯ್ಯಬೇಕಾಗುತ್ತದೆ.

ಪ್ರಶ್ನೆ: ಇನ್ನು ಮುಂದೆ ಗಿಡ ನೆಡುವ ಅಗತ್ಯವಿಲ್ಲವೇ?
ಉತ್ತರ: ಅಗತ್ಯವಿದೆ. ಮರವು ಇಂಗಾಲದ ಜೊತೆಗೆ ನೆರಳು, ಮಣ್ಣಿನ ರಕ್ಷಣೆ, ಜೀವಿಗಳಿಗೆ ಆಸರೆ ಒದಗಿಸುತ್ತದೆ. ಸ್ಫಟಿಕವು ಮರಕ್ಕೆ ಬದಲಿಯಲ್ಲ. ಮರವೂ ಕಾರ್ಖಾನೆಯ ಚಿಮಣಿಗೆ ಪೂರ್ಣ ಉತ್ತರವಲ್ಲ.

ಪ್ರಶ್ನೆ: ಮನೆಗೆ ಇಂತಹ ಉಪಕರಣ ಕೊಳ್ಳಬೇಕೇ?
ಉತ್ತರ: ಹವಾಮಾನ ಬದಲಾವಣೆಯನ್ನು ತಡೆಯುವ ದೃಷ್ಟಿಯಿಂದ ಅಗತ್ಯವಿಲ್ಲ. ಕೋಣೆಯಲ್ಲಿ ಉಸಿರಿನಿಂದ ಹೆಚ್ಚುವ ಇಂಗಾಲದ ಡೈಆಕ್ಸೈಡನ್ನು ತಗ್ಗಿಸಲು ಕಿಟಕಿ ತೆರೆಯುವುದೇ ಸರಳ ಉಪಾಯ.

ಉಪಸಂಹಾರ

ರಂಧ್ರಮಯ ಸ್ಫಟಿಕಗಳು ನಿಜವಾದ ಸಾಧನೆ. ಅವು ಬೇರ್ಪಡಿಸುವ ಕೆಲಸವನ್ನು ಹಗುರಗೊಳಿಸಬಲ್ಲವು. ಬೇರ್ಪಡಿಸುವ ಅಗತ್ಯವನ್ನೇ ಇಲ್ಲವಾಗಿಸಲಾರವು. ಹೊರಬೀಳದ ಒಂದು ಟನ್ ಅನಿಲವು ಹೊರಬಿದ್ದ ಮೇಲೆ ಹಿಡಿದ ಒಂದು ಟನ್ನಿಗಿಂತ ಬಹುತೇಕ ಸಂದರ್ಭಗಳಲ್ಲಿ ಅಗ್ಗ. ಆದುದರಿಂದ ಮಿತವ್ಯಯ, ಪರ್ಯಾಯ ಇಂಧನ, ಕಡಿಮೆ ಕ್ಲಿಂಕರ್ ಬಳಸುವ ಸಿಮೆಂಟು ಇವು ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಹಿಡಿದಿಡುವ ತಂತ್ರಜ್ಞಾನ ಉಳಿದ ಪಾಲಿಗೆ.

ಸಾರ್ವಜನಿಕ ಹಣವೂ ಸಾರ್ವಜನಿಕರ ನೆಲ-ಜಲಗಳೂ ತೊಡಗುವ ಈ ವಿಷಯದಲ್ಲಿ, ನಾಗರಿಕರು ಅತಿಯಾದ ಭರವಸೆಗೂ ಅಕಾರಣ ಭೀತಿಗೂ ಒಳಗಾಗದೆ, ಪ್ರಮಾಣ, ಅವಧಿ ಮತ್ತು ಅಂತಿಮ ನೆಲೆ ಎಂಬ ಮೂರು ಅಂಶಗಳನ್ನು ಕೇಳಿ ತಿಳಿದು, ತಮ್ಮ ಅಭಿಪ್ರಾಯವನ್ನು ಸಕಾಲದಲ್ಲಿ ಲಿಖಿತವಾಗಿ ದಾಖಲಿಸಬೇಕೆಂದು ಕೋರಲಾಗಿದೆ.